ಇರುವೆ ಕಾಣುವ ನೆಲ

ವೆಳ್ಳಮುಂಡದ ಹತ್ತಿರ ಒಂದು ಜೈನರ ಮನೆಗೆ ಹಾಲ್‌ನಲ್ಲಿ ಹಾಸುವ ನೆಲಹಾಸಿನ ಮಾದರಿ ತೋರಿಸಲು ಹೋಗಿದ್ದೆ. ಮನೆಯ ಅಮ್ಮ ನನಗೆ ಕಾಫಿ ಕೊಟ್ಟರು. ಸಕ್ಕರೆ ಕಾಯಿಲೆಯ ಯಜಮಾನರಿಗೆ ಸಪ್ಪೆ ಕಾಫಿ. ಅದನ್ನು ಕಷಾಯದಂತೆ ಕುಡಿಯುತ್ತಾ ಅವರು, "ಕಾರ್ಪೆಟ್ಟೇ ಆಗಲಿ, ನನ್ನ ಮಂಡಿ ನೋವಿಗೆ ಮೆತ್ತಗಿರುತ್ತದೆ" ಎಂದರು.

ಅಮ್ಮ ಕಾರ್ಪೆಟ್ ತುಂಡನ್ನು ಸವರಿ, "ಇದರೊಳಗೆ ಇರುವೆ ಹೊಕ್ಕರೆ ಕಾಣುತ್ತದಾ ಮಗಾ?" ಎಂದು ಕೇಳಿದರು.

"ಒಂದೂ ಕಾಣುವುದಿಲ್ಲಮ್ಮಾ" ಎಂದು ನಾನು ಹೆಮ್ಮೆಯಿಂದ ಹೇಳಿದೆ.

"ಕಾಣದೆ ತುಳಿದರೆ ಆ ಪಾಪ ಯಾರಿಗೆ?"

ಯಾರ ಮನೆಯಲ್ಲಿ ಕೂತಿದ್ದೇನೆಂದು ಆಗ ನೆನಪಾಯಿತು. ತೆಪ್ಪಗೆ ವಿನೈಲ್ ಎಂಬ ನಯವಾದ ಪ್ಲಾಸ್ಟಿಕ್ ಹಾಸಿನ ತುಂಡುಗಳನ್ನು ಹೊರತೆಗೆದೆ. ಮರದ ಬಣ್ಣದ್ದು ತೀರಾ ಕಪ್ಪು ಎಂದರು ಅಮ್ಮ. ಚುಕ್ಕೆಯದನ್ನು ತೋರಿಸಿದರೆ, "ಇದರಲ್ಲಿ ಚುಕ್ಕೆ ಯಾವುದು, ಇರುವೆ ಯಾವುದು?" ಎಂದರು. ಕೊನೆಗೆ, ನಮ್ಮ ಅಂಗಡಿಯಲ್ಲಿ ಯಾರೂ ಕೇಳದೆ ಮೂಲೆ ಸೇರಿದ್ದ ಬರೀ ಬಿಳಿ ವಿನೈಲ್ ಒಪ್ಪಿಗೆಯಾಯಿತು. ಯಜಮಾನರು ಮಾತ್ರ ಕೊನೆಯವರೆಗೂ ಕಾರ್ಪೆಟ್ ತುಂಡನ್ನು ಕೈಬಿಡಲಿಲ್ಲ.

ಹಾಸಿದ ಮೇಲೆ ಒಂದು ಮೂಲೆ ಎದ್ದಿದೆಯೆಂದು ಕರೆದರು. ಹೋಗಿ ಗಮ್ ಹಾಕಿ ಒತ್ತುತ್ತಿದ್ದೆ. ಆಗ ಬಿಳಿ ನೆಲದ ಮೇಲೆ ಕಪ್ಪು ಗೆರೆ ಎಳೆದಂತೆ ಇರುವೆ ಸಾಲೊಂದು ಹೊಸಿಲು ದಾಟಿ ಬಂತು. ಅಮ್ಮ ತುಳಿಯದಂತೆ ಅದರ ಪಕ್ಕದಲ್ಲೇ ನಡೆದುಹೋದರು. ಸಾಲು ನೇರವಾಗಿ ಯಜಮಾನರ ಕುರ್ಚಿ ಹತ್ತಿತ್ತು. ಅವರನ್ನು ಎಬ್ಬಿಸಿ ಅಮ್ಮ ದಿಂಬು ಎತ್ತಿದರು. ಅಡಿಯಲ್ಲಿ ಎಳ್ಳುಂಡೆಗಳಿದ್ದವು.

ಯಜಮಾನರು ನನ್ನ ಬಿಳಿ ವಿನೈಲನ್ನೇ ದುರುಗುಟ್ಟಿ ನೋಡುತ್ತಿದ್ದರು. ಮಂಡಿ ನೋವು ಹೇಗಿದೆಯೆಂದು ನಾನು ಕೇಳಲು ಹೋಗಲಿಲ್ಲ.