ಹಳೆಯದನ್ನು ಕಿತ್ತುಹಾಕಿದ ಅಮಾವಾಸ್ಯೆ

ಈಗ ಯಾವ ಕಂಪ್ಯೂಟರಿಗೆ ಯಾವ ಪ್ರೋಗ್ರಾಮಿಂಗ್ ಭಾಷೆ ಹಾಕಬೇಕೆಂದರೂ ಚಹಾ ಆರುವಷ್ಟರಲ್ಲಿ ಮುಗಿದುಹೋಗುತ್ತದೆ. ನನಗೆ ಮಾತ್ರ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು, ಅಂಗಡಿಗಳ ಮೇಲಿನ ಆ ಒಂದು ಕೋಣೆ ನೆನಪಾಗುತ್ತದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಅಲ್ಲಿ ಕಂಪ್ಯೂಟರ್ ಮಾಸ್ತರ. ವಯಸ್ಸು ಇಪ್ಪತ್ಮೂರು, ಗತ್ತು ಮಾತ್ರ ಅರವತ್ತರದು.

ಇದ್ದದ್ದು ಮೂರು ಕಂಪ್ಯೂಟರ್, ಮೂರಕ್ಕೂ ಮೂರು ಸ್ವಭಾವ. ಗದಗಿನ ಸೈಬರ್ ಕೆಫೆಯಿಂದ ಪೈಥಾನ್ ಭಾಷೆಯನ್ನು ಸಿಡಿಯಲ್ಲಿ ತುಂಬಿಸಿಕೊಂಡು ಬಂದಿದ್ದೆ. ವಿಂಡೋಸ್ 98 ಎಂಬ ಮುದುಕ ಎಲ್ಲವನ್ನೂ ಹಾಕಿಸಿಕೊಂಡು, ಕೊನೆಗೆ ಪೈಥಾನ್ ಎಂಬ ಹೆಸರೇ ಕೇಳಿಲ್ಲ ಎನ್ನುತ್ತಿದ್ದ. ಅದು ಎಲ್ಲಿದೆ ಎಂದು ವಿಳಾಸ ಬರೆದುಕೊಟ್ಟು ಮತ್ತೆ ಚಾಲೂ ಮಾಡಬೇಕು. ಎರಡನೆಯದು, ವಿಂಡೋಸ್ ಎಕ್ಸ್‌ಪಿ, ಸ್ವಲ್ಪ ಮರ್ಯಾದಸ್ಥ. ಮೂರನೆಯದು ಲಿನಕ್ಸ್, ಅದರೊಳಗೆ ಪೈಥಾನ್ ಮೊದಲಿನಿಂದಲೂ ಇತ್ತು, ಆದರೆ ಹಳೆಯದು.

ಲಿನಕ್ಸ್ ಮುಂದೆ ಕೂರುತ್ತಿದ್ದವಳು ನೇಕಾರರ ಮನೆಯ ಹುಡುಗಿ. ಸೀರೆಯ ದಡಿಯ ನಕ್ಷೆಯನ್ನು ಪರದೆಯ ಮೇಲೆ ಚುಕ್ಕೆಗಳಲ್ಲಿ ಬಿಡಿಸಿ, ಯಾವ ಬಣ್ಣದ ಎಳೆ ಎಷ್ಟು ಬೇಕೆಂದು ಹೇಳುವ ಪ್ರೋಗ್ರಾಂ ಬರೆದಿದ್ದಳು. ಅವಳಪ್ಪನಿಗೆ ಈ ಕ್ಲಾಸೆಲ್ಲ ಬರೀ ಕಾಲಹರಣ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಅಂದು ಬಂದು ನೋಡುತ್ತೇನೆ, ಸರಿ ಕಾಣದಿದ್ದರೆ ಮರುದಿನದಿಂದ ಮನೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತು ಎಂದು ಹೇಳಿದ್ದರಂತೆ.

"ಅಪ್ಪಾ ಬಂದಾಗ ಎಲ್ಲಾ ಚಲೋ ನಡೀತದಲ್ರಿ, ಸರ್?" ಎಂದು ಕೇಳಿದಳು.

"ನಾ ಅದೀನಲ್ಲ, ಯಾಕ ಚಿಂತಿ!" ಎಂದೆ.

ಅಮಾವಾಸ್ಯೆಯ ಹಿಂದಿನ ಸಂಜೆ ನನಗೆ ಹುರುಪು ಬಂತು. ಹಿರಿಯರು ಬರುವಾಗ ಹಳೆಯ ಪೈಥಾನ್ ಏಕೆ, ಹೊಸದೇ ಇರಲಿ ಎಂದುಕೊಂಡೆ. ಹೊಸದು ಹಾಕುವ ಮೊದಲು ಹಳೆಯದನ್ನು ಬೇರುಸಹಿತ ಕೀಳಬೇಕು ಎಂಬುದು ವಿಂಡೋಸಿನಲ್ಲಿ ನಾನು ಕಲಿತ ಶಿಸ್ತು. ಇದರ ಜೊತೆಗೆ ಇವೂ ಹೋಗುತ್ತವೆ ಎಂದು ಲಿನಕ್ಸ್ ಮಾರುದ್ದದ ಪಟ್ಟಿ ತೋರಿಸಿತು. ಓದುವ ತಾಳ್ಮೆ ಯಾರಿಗಿತ್ತು? ಹೂಂ ಎಂದೆ. ಮತ್ತೆ ಚಾಲೂ ಮಾಡಿದರೆ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಬಿಳಿ ಅಕ್ಷರ. ಹೊಸದನ್ನು ಹಾಕಿಕೊಡುವ ಸಾಧನವೂ ಅದೇ ಭಾಷೆಯನ್ನು ನಂಬಿಕೊಂಡಿತ್ತು, ಅದೂ ಕೆಟ್ಟು ಕೂತಿತ್ತು. ಅಲ್ಪವಿದ್ಯಾ ಮಹಾಗರ್ವಿ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಮರುದಿನ ಅವಳಪ್ಪ ಬಂದರು. ಹುಡುಗಿ ಪರದೆ ನೋಡಿ ನನ್ನ ಮುಖ ನೋಡಿದಳು. ಆ ನೋಟ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

"ಇದ್ಯಾಕ್ರಿ ಮಾಸ್ತರ, ಹಿಂಗ ಕತ್ತಲಿ ಆಗೇತಿ?" ಎಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹಳೆಯದನ್ನು ಪೂರಾ ತೆಗೆದೆ, ಹೊಸದು ಕೂಡುತ್ತಿಲ್ಲ ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. "ಹಳೇ ಹಾಸಿನ ಎಳಿ ಪೂರಾ ಕಡದ ತಗದ್ರ ಹೊಸಾ ಎಳಿ ಯಾತಕ್ಕ ಗಂಟ ಹಾಕ್ತೀರಿ? ನಾವು ಮಗ್ಗದಾಗ ಗೇಣುದ್ದ ಹಳೇದು ಬಿಟ್ಟಿರ್ತೇವ್ರಿ. ಒಂದೊಂದ ಎಳಿ ಅದಕ್ಕ ಗಂಟ ಹಾಕಿ ಹೊಸಾದು ಜಗ್ಗತೇವಿ. ಇಷ್ಟೂ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದಾಗ ಹುಡುಗಿ ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತಳು. ಆ ಕಪ್ಪು ಪರದೆಯಲ್ಲೇ ಆಜ್ಞೆ ಟೈಪು ಮಾಡಿ, ಅಳಿಯದೆ ಉಳಿದಿದ್ದ ತನ್ನ ಪ್ರೋಗ್ರಾಮನ್ನು ಫ್ಲಾಪಿಗೆ ಇಳಿಸಿದಳು. ಎಕ್ಸ್‌ಪಿಗೆ ಪೈಥಾನನ್ನು ಹಿಂದೆಯೇ ಹಾಕಿದ್ದೆವು. ಫ್ಲಾಪಿ ಅಲ್ಲಿಗೆ ಹಾಕಿ ಒಂದೆರಡು ಸಾಲು ತಿದ್ದಿದಳು. ದಡಿ ಸಾಲುಸಾಲಾಗಿ ಮೂಡಿತು.

ಅಪ್ಪ ಬಗ್ಗಿ, ಗಾಜಿನ ಮೇಲೆ ಬೆರಳಿಟ್ಟು ಎಳೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಎಳಿ ಬರೋಬ್ಬರಿ ಅದಾವ," ಎಂದು ನೆಟ್ಟಗಾದರು. ಆಮೇಲೆ ಮಗಳ ಕಡೆ ತಿರುಗಿದರು. "ನಾಳಿಂದ ದಿನಾ ತಪ್ಪದ ಬಾರವ್ವಾ. ಈ ಮಾಸ್ತರಿಗೂ ಕಲಸಾಕ ಯಾರರ ಬೇಕಲ್ಲ."