ಧೂಳಿಗೆ ಹೆದರಿ ಆಡಿದ ಸುಳ್ಳು

ರೂಪಾ, ಪುಣೆಯಲ್ಲಿ ಮೊದಲ ಸಲ ನಿನಗೆ ಸಿಕ್ಕಿದ್ದ ಓದಿನ ಜಾಗ ತಪ್ಪಿಸಿದವಳು ನಾನು — ನಿನ್ನ ಆಯಿ, ನಿಮ್ಮಪ್ಪನ ತಾಯಿ. ಆ ವರ್ಷದ ಪರೀಕ್ಷೆಯಲ್ಲಿ ನೀನು ನಪಾಸಾಗಿರಲಿಲ್ಲ, ಬಾಳಾ, ನನ್ನ ಕೂಸೇ.

ನೀನು ಅಂಕಲಿ ಊರಿನ ಸೋದರತ್ತೆಯ ಮನೆಗೆ ಹೋಗಿದ್ದೆ. ನಿಮ್ಮಪ್ಪನ ಫೋನು ಬಾರಿಸಿತು, ನಾನೇ ಎತ್ತಿದೆ. ಪುಣೆಯ ಸರ್ ಮಾತಾಡಿದರು, ಮರಾಠಿಯಲ್ಲಿ. ಹುಡುಗಿಯನ್ನು ಆರಿಸಿದ್ದೇವೆ, ಬರುತ್ತಾಳೋ ಇಲ್ಲವೋ ಇವತ್ತೇ ಹೇಳಿ, ಅವಳು ಧೂಳಿನ ಮೇಲೆ ಕೆಲಸ ಮಾಡಬೇಕು — ಅಂದರು. ಧೂಳು! ನಿಪ್ಪಾಣಿಯ ವಖಾರಿಯಲ್ಲಿ, ತಂಬಾಕಿನ ಗೋದಾಮಿನಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು ತಂಬಾಕು ಜರಡಿ ಹಿಡಿದವಳು ನಾನು. ನನ್ನ ತಂಗಿ ಎದೆ ಕಟ್ಟಿ ಸತ್ತದ್ದು ಆ ಧೂಳಿನಿಂದಲೇ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಬೇರೆ ಧೂಳು ಏನು ಗೊತ್ತು?

"ತಿಚಂ ಲಗ್ನ ಠರಲಂಯ, ಯೇಣಾರ ನಾಹೀ" ಅಂದುಬಿಟ್ಟೆ. ಮದುವೆ ಗೊತ್ತಾಗಿದೆ, ಬರುವುದಿಲ್ಲ ಎಂದು. ಯಾವ ಮದುವೆ? ಯಾವ ಗಂಡು?

ಪುಣೆಯ ಕರೆಗೆ ಕಾದು ಕಾದು, ನಪಾಸಾದೆ ಎಂದುಕೊಂಡು ನೀನು ಗೋಡೆಗೆ ಮುಖ ಮಾಡಿ ಅತ್ತೆ. "ನಾ ಶ್ಯಾಣ್ಯಾಕಿ, ಜಾಣಿ ಅಂತ ತಿಳಕೊಂಡಿದ್ನಿ, ಆಯಿ." ನಿನ್ನ ತಲೆ ಸವರುತ್ತ ನಾನು ಅಂದೆ — "ಹೋಗ್ಲಿ ಬಿಡವ್ವಾ, ಅವ್ರಿಗೇನ ಗೊತ್ತೈತಿ." ಫೋನಿನಲ್ಲಿ ಆಡಿದ್ದಕ್ಕಿಂತ ಅದೇ ದೊಡ್ಡ ಸುಳ್ಳು.

ಮರುವರ್ಷ ನೀನು ಮತ್ತೆ ಪರೀಕ್ಷೆಗೆ ಕೂತೆ, ಗೆದ್ದೆ, ಪುಣೆಗೆ ಹೋದೆ. ಮೊನ್ನೆ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದೆ.

"ಆಯಿ, ಇದ ನೋಡ ನನ್ನ ಧೂಳ."

"ಅರಿಶಿಣ ಚೆಲ್ಲಿದಂಗ ಐತಲ್ಲ! ಒರಸಾಕ ಅರಿವಿ ತರ್ಲೇನ?"

"ಒರಸಬ್ಯಾಡ ಮಾರಾಯ್ತಿ! ಇದರೊಳಗ ಹೊಸ ಚುಕ್ಕಿ ಹುಟ್ಟಾಕತ್ತಾವ."

ಅದು ಎಷ್ಟೋ ದೂರದ ನಕ್ಷತ್ರಗಳ ಹಿಂಡಂತೆ, ರೇಡಿಯೋ ಅಲೆಗಳಲ್ಲಿ ಅಬ್ಬರಿಸುವಂಥದ್ದು. ಅಲ್ಲಿಯ ಹೊಸ ಚುಕ್ಕಿಗಳ ಬೆಳಕನ್ನು ಧೂಳು ನುಂಗಿ ತಾನೇ ಬೆಚ್ಚಗಾಗುತ್ತದಂತೆ. "ಬೂದಿ ಮುಚ್ಚಿದ ಕೆಂಡದ ಮ್ಯಾಲ ಕೈ ಹಿಡದ್ರ ಬಿಸಿ ತಿಳೀತೈತೆಲ್ಲ? ಹಂಗ" ಎಂದು ನೀನು ತಿಳಿಸಿ ಹೇಳಿದೆ. ಕಣ್ಣಿಗೆ ಕಾಣದ, ಒಂದು ಮಿಲಿಮೀಟರಿಗಿಂತ ಸಣ್ಣ ಅಲೆಗಳಾಗಿ ಆ ಬಿಸಿ ಬರುತ್ತದೆ. ಎತ್ತರದ ಒಣ ಬೆಟ್ಟದ ಮೇಲಿನ ದುರ್ಬೀನು ಅದನ್ನು ಹಿಡಿಯುತ್ತದೆ. ಎಷ್ಟು ಚುಕ್ಕಿ ಹುಟ್ಟುತ್ತಿವೆ ಎಂದು ನನ್ನ ಮೊಮ್ಮಗಳು ಅದರಿಂದ ಅಳೆಯುತ್ತಾಳೆ! ಆ ಬೆಳಕು ಹೊರಟಾಗ ನಮ್ಮ ಭೂಮಿಯೇ ಇರಲಿಲ್ಲವಂತೆ!

"ಈ ಧೂಳ ಯಾರ ಎದಿಗೂ ಇಳಿಯೂದಿಲ್ಲ ಬಿಡ" ಎಂದು ನೀನು ನಕ್ಕೆ. ನನಗೂ ಕಣ್ಣೀರು ಬರುವಷ್ಟು ನಗು. ಆಗಲೇ ಹೇಳಬೇಕಿತ್ತು — ಎದ್ದು ಚಹಾಕ್ಕೆ ನೀರಿಟ್ಟೆ.

ಅಂದಿನಿಂದ ಹಾಲಿನವನನ್ನು ಬಿಟ್ಟಿಲ್ಲ, ಕಾಯಿಪಲ್ಲೆ ಮಾರುವವಳನ್ನು ಬಿಟ್ಟಿಲ್ಲ. "ನಮ್ಮ ರೂಪಾ ಚುಕ್ಕಿಗಳ ಬಾಣಂತಿ ಕೋಣಿ ಹುಡುಕ್ಯಾಳ್ರಿ!" ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಪ್ರತಿ ಸಲ ಫೋನಿನ ಆ ಒಂದು ಮಾತು ಮಾತ್ರ ಬಿಟ್ಟು.

ಹೆದರಿದ್ದೆ ಎಂದರೆ ಸುಳ್ಳು ಸಣ್ಣದಾಗುವುದಿಲ್ಲ. ನಿನ್ನ ಒಂದು ವರ್ಷ ಕಿತ್ತುಕೊಂಡೆ, ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೂ. ತಿರುಗಿ ಕೊಡಲು ನನ್ನಲ್ಲಿ ಏನೂ ಇಲ್ಲ. ಬಯ್ಯು, ಎದುರಿಗೆ ನಿಂತು ಬಯ್ಯು, ತಲೆ ಬಾಗಿಸಿ ಕೇಳುತ್ತೇನೆ. ನಡುವೆ ನನ್ನ ಮುಖದಲ್ಲಿ ನಗು ಕಂಡರೆ ಮಾತ್ರ — ಅದು ನಿನ್ನ ಚುಕ್ಕಿಗಳ ಹೆಮ್ಮೆ, ನನ್ನ ಕೈಯಲ್ಲಿಲ್ಲ, ಮಗಳೇ.