ಎಡಗಡೆಯ ಕುರ್ಚಿ

ಹಳೆಯ ಧ್ವನಿಯಂತ್ರಗಳ ದುರಸ್ತಿಯಲ್ಲಿ ಈ ಧ್ವನಿಸಂಗ್ರಹಾಲಯಕ್ಕೆ ಹೆಸರು ಬಂದಿದ್ದರೆ ಅದಕ್ಕೆ ಕಟ್ಟಡವಾಗಲಿ, ಕಟ್ಟಡದ ಮೇಲಿನ ಫಲಕವಾಗಲಿ, ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡವರಾಗಲಿ ಕಾರಣರಲ್ಲ. ದುರಸ್ತಿ ಕೋಣೆಯ ಕಿಟಕಿಯ ಬಳಿ ಒಂದು ಜೀವಮಾನವನ್ನೇ ಸವೆಸಿದ ಹಿರಿಯ ತಂತ್ರಜ್ಞೆ, ನಾವೆಲ್ಲ ಗೌರವದಿಂದಲೂ ಕೊಂಚ ಭಯದಿಂದಲೂ ‘ಕಿವಿಯಮ್ಮ’ ಎಂದು ಕರೆಯುತ್ತಿದ್ದವರು, ಅವರೊಬ್ಬರೇ ಕಾರಣ. ಅವರ ನಿವೃತ್ತಿಯ ಈ ಸಂಪುಟಕ್ಕೆ ‘ಸಂಸ್ಥೆಯ ಬಂಗಾರದ ಕಿವಿ’ ಎಂಬ ವಿಷಯ ಕೊಟ್ಟು, ಸವಿಯಾಗಿ ನಾಲ್ಕು ಮಾತು ಬರೆಯಿರಿ ಎಂದು ಸಮಿತಿಯವರು ಅವರ ಪಕ್ಕದ ಮೇಜಿನವನಿಗೆ ಹೇಳಿದ್ದಾರೆ. ಸವಿಮಾತನ್ನು ಬೇರೆಯವರು ಬರೆದಿರುತ್ತಾರೆ. ಆ ಕಿವಿಯನ್ನು ಸಂದರ್ಶಕರಿಗೆ ಟೋಕನ್ ಕೊಡುವ ಕಿಟಕಿಗೆ ತಳ್ಳಿದವರೇ ಈಗ ಅದಕ್ಕೆ ಬಂಗಾರದ ನೀರು ಬಳಿಯಲು ಹೊರಟಿರುವುದರಿಂದ, ಪಕ್ಕದ ಮೇಜಿನವನು ನಡೆದದ್ದನ್ನು ನಡೆದ ಹಾಗೆ ಬರೆದು ಒಪ್ಪಿಸುತ್ತಿದ್ದಾನೆ. ಅಚ್ಚು ಹಾಕುವುದೂ ಬಿಡುವುದೂ ಅವರ ಇಷ್ಟ.

ಕಿವಿಯಮ್ಮನವರು ಸೇರಿದ್ದು ತಂತಿ ಸುತ್ತಿಡುವ ಕೆಲಸಕ್ಕೆ. ಹೆಂಗಸರ ಕೈಗೆ ಸೋಲ್ಡರಿಂಗ್ ಐರನ್ ಕೊಡುವ ವಾಡಿಕೆ ಆಗ ಇರಲಿಲ್ಲ, ಅವರೇ ಕಿತ್ತುಕೊಂಡರು. ಅವರ ಸಿಟ್ಟು ಅಂದಿನಿಂದಲೂ ಮೂಗಿನ ತುದಿಯಲ್ಲೇ. ಈಗಿನ ನಿರ್ದೇಶಕರು ಹೊಸದಾಗಿ ಬಂದಾಗ, ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಣಿ ಪರಪರ ಎನ್ನುತ್ತಿದೆಯೆಂದು ತಾವೇ ಅದಕ್ಕೆ ಬಾಗಿಲ ಕೀಲಿನ ಎಣ್ಣೆ ಬಿಟ್ಟಿದ್ದರು. ಒಂದೇ ವಾರದಲ್ಲಿ ಎಣ್ಣೆಗೆ ಧೂಳು ಮೆತ್ತಿ ಸದ್ದು ಇಮ್ಮಡಿಯಾಯಿತು. “ಅಲ್ಲ ಸಾರ್, ಕಣ್ಣು ಉರಿದ್ರೂ ಇದನ್ನೇ ಬಿಟ್ಕೊಳ್ತೀರಾ?” ಎಂದು ಕಿವಿಯಮ್ಮ ಎಲ್ಲರೆದುರು ಕೇಳಿಬಿಟ್ಟರು. ನಿರ್ದೇಶಕರು ನಕ್ಕರು. ಆದರೆ ಮರೆಯಲಿಲ್ಲ.

ಅವರ ಉಪಕಾರವೂ ಸಿಟ್ಟಿನ ವೇಷದಲ್ಲೇ ಬರುತ್ತಿತ್ತು. ಪಕ್ಕದ ಮೇಜಿನವನ ಹೆಂಡತಿ ಆಸ್ಪತ್ರೆ ಸೇರಿದಾಗ ಅವನ ಪಾಲಿನ ಯಂತ್ರಗಳನ್ನೆಲ್ಲ ಇವರೇ ರಿಪೇರಿ ಮಾಡಿ, ಅವನ ಹೆಸರಿನ ಚೀಟಿಯನ್ನೇ ಅಂಟಿಸಿ ಕಳಿಸಿದ್ದರು. ಅವನು ಮರಳಿ ಬಂದಾಗ ಕೃತಜ್ಞತೆ ಹೇಳಲೂ ಬಿಡದೆ, ಮೇಜು ಕೊಳಕಾಗಿದೆಯೆಂದು ತಿಂಗಳುಗಟ್ಟಲೆ ಬೈದರು.

ದೋಷ ಹುಡುಕುವ ಅವರ ಕ್ರಮ ಎಲ್ಲರಿಗೂ ಬಾಯಿಪಾಠ. ಮುಚ್ಚಳ ಬಿಚ್ಚುವ ಮೊದಲು ಎಡ ಬಲಗಳನ್ನು ಅದಲುಬದಲು ಮಾಡಬೇಕು. ತಂತಿ ಬದಲಿಸಿದಾಗ ದೋಷವೂ ಪಕ್ಕಕ್ಕೆ ಹೋದರೆ ಅದು ತಂತಿಯ ಹಿಂದಿನದು; ಇದ್ದಲ್ಲೇ ಇದ್ದರೆ ಮುಂದಿನದು. ಹೀಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಿ, ಅಡಗಿದ ಕಳ್ಳನನ್ನು ಮೂಲೆಗೆ ಒತ್ತಬೇಕು.

ಕೇಳುಕೋಣೆಯ ದೊಡ್ಡ ಸ್ಟೀರಿಯೊ ಆಂಪ್ಲಿಫೈಯರು ಮೇಜಿಗೆ ಬಂದದ್ದು ಅವರ ನಿವೃತ್ತಿಗೆ ಎರಡು ವರ್ಷವಿರುವಾಗ. ಮರದ ಕವಚದ ಆ ಯಂತ್ರ ನಮ್ಮಲ್ಲಿ ಅನೇಕರಿಗಿಂತ ಹಿರಿಯದು. ಗುಂಯ್‌ಗುಡುವ ಸದ್ದಿತ್ತು, ಕಿವಿಯಮ್ಮ ಉಬ್ಬಿಹೋಗಿದ್ದ ಕೆಪಾಸಿಟರುಗಳನ್ನು ತೆಗೆಸಿ ಹೊಸವನ್ನು ಹಾಕಿಸಿದರು, ಅದು ನಿಂತಿತು. ತಿರುಗಣಿಯನ್ನು ತೊಳೆದರು, ಪರಪರವೂ ಹೋಯಿತು. ಆದರೂ ಎಡಗಡೆಯ ಸ್ವರ ಮಾತ್ರ ಕಂಬಳಿ ಹೊದ್ದಂತೆ ಮಂಕಾಗಿದೆ ಎಂದರು. ಬಿಡಿಭಾಗ ಮಾರುವವನಿಗೆ ಫೋನಿನಲ್ಲಿ ಸಹಸ್ರನಾಮವಾಯಿತು. ಆಮೇಲೆ ಬೆಸುಗೆ ಹಾಕಿದ್ದ ಪಕ್ಕದ ಮೇಜಿನವನ ಸರದಿ.

“ಇದೇನು ಬೆಸುಗೆನೋ, ಮೂಗಿನ ಸಿಂಬಳನೋ?”

“ಅಕ್ಕಾ, ಮೀಟರಲ್ಲಿ ಎರಡೂ ಕಡೆ ಒಂದೇ ಸಮ ಇದೆ, ನೋಡಿ.”

“ಮೀಟರಿಗೆ ಹಾಡು ಗೊತ್ತೇನೋ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಅವನು ಎಲ್ಲವನ್ನೂ ಬಿಚ್ಚಿ ಮತ್ತೆ ಬೆಸೆದ. ಕಿವಿಯಮ್ಮ ಒಳಬರುವ ಎಡ ಬಲದ ತಂತಿಗಳನ್ನು ಅದಲುಬದಲು ಮಾಡಿದರು, ಎಡವೇ ಮಂಕು. ಸ್ಪೀಕರಿನ ತಂತಿ ಬದಲಿಸಿದರು, ಎಡವೇ. ಸ್ಪೀಕರ್ ಪೆಟ್ಟಿಗೆಗಳನ್ನೇ ಹೊರಿಸಿ ಆ ಕಡೆಯದನ್ನು ಈ ಕಡೆಗೆ ಇಡಿಸಿದರು, ಆಗಲೂ ಎಡವೇ. ಬದಲಿಸಲು ಇನ್ನೇನೂ ಉಳಿದಿರಲಿಲ್ಲ. ಅವರು ಸ್ಪೀಕರುಗಳ ಎದುರಿನ ಕುರ್ಚಿಗೆ ಒರಗಿದರು. ಎಡದಿಂದ ಅವನು ಅಕ್ಕಾ ಎಂದು ಕರೆದ, ತಿರುಗಲಿಲ್ಲ. ಕೋಪವಿನ್ನೂ ಇಳಿದಿಲ್ಲವೆಂದುಕೊಂಡು ಎದುರಿಗೆ ಬಂದು ನಿಂತ. “ಯಾವಾಗ ಬಂದೆ?” ಎಂದರು.

ಅವನ ಮುಖವನ್ನು ಒಂದು ಗಳಿಗೆ ನೋಡಿದವರು ಎದ್ದು, ಕುರ್ಚಿಯನ್ನು ಹಿಂದುಮುಂದು ಮಾಡಿ, ಸ್ಪೀಕರುಗಳಿಗೆ ಬೆನ್ನು ಕೊಟ್ಟು ಕುಳಿತು ಅದೇ ಹಾಡನ್ನು ಕೇಳಿದರು.

“ದೋಷ ಆ ಕಡೆ ಸ್ಪೀಕರಿಗೆ ಹೋಯ್ತು,” ಎಂದರು. “ಬದಲಾಗಿದ್ದು ನಾನೊಬ್ಳೇ.”

ಆಮೇಲೆ ಯಂತ್ರದ ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಗಿದು, ಅವನತ್ತ ನೋಡದೆಯೇ ಹೇಳಿದರು: “ನಿನ್ನ ಬೆಸುಗೆ ಚೆನ್ನಾಗಿದೆ ಕಣೋ.” ತಕ್ಷಣವೇ ಸಿಡುಕಿದರು: “ಅಲ್ಲ, ಇಷ್ಟು ದಿನ ಬೈಸ್ಕೊಂಡು ಸುಮ್ನಿದ್ದೆಯಲ್ಲ, ನಿಂಗೇನು ಬಾಯಿಲ್ವಾ?”

ನರ ಸೋತಿದೆ, ಎಡಗಿವಿ ಇನ್ನು ಸರಿಯಾಗದು ಎಂದರು ವೈದ್ಯರು. ಕಿವಿಯಮ್ಮ ಮುಚ್ಚಿಡಬಹುದಿತ್ತು, ಯಂತ್ರದ ದೋಷವನ್ನು ಎಂದೂ ಮುಚ್ಚಿಡದವರು ತಮ್ಮದನ್ನೂ ಮುಚ್ಚಿಡಲಿಲ್ಲ. ನೇರ ನಿರ್ದೇಶಕರ ಕೋಣೆಗೆ ಹೋಗಿ ಹೇಳಿದರು. ಕೇಳಿದ್ದು ಒಂದೇ: ಉಳಿದ ಎರಡು ವರ್ಷ ಅದೇ ಮೇಜಿನಲ್ಲಿ ಕೆಲಸ.

“ಕಿವಿ ಕೇಳ್ದೇ ಇರೋರು ಸೌಂಡ್ ರಿಪೇರಿ ಮಾಡ್ತಾರೆ ಅಂದ್ರೆ ಜನ ನಗಲ್ವೇನಮ್ಮಾ?” ಎಂದರು ನಿರ್ದೇಶಕರು.

“ಎರಡು ಕಿವಿ ಅಂದ್ರೆ ಎರಡು ಬೇರೆ ಬೇರೆ ಯಂತ್ರ ಸಾರ್. ಇಷ್ಟು ವರ್ಷ ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ ಕೇಳಿ ಹೋಲಿಸ್ತಿದ್ದೆ. ಇನ್ಮೇಲೆ ಕುರ್ಚಿ ತಿರುಗಿಸ್ಕೊಂಡು ಎರಡನ್ನೂ ಒಂದೇ ಕಿವೀಲಿ ಕೇಳ್ತೀನಿ. ಹೋಲಿಕೆ ಇನ್ನೂ ಸರಿಯಾಗುತ್ತೆ.”

ಇದಕ್ಕಿಂತ ಸರಿಯಾದ ಮಾತನ್ನು ಆ ಕೋಣೆಯ ಗೋಡೆಗಳು ಕೇಳಿರಲಾರವು. ನಿರ್ದೇಶಕರದು ಜಾಣಕಿವುಡು, ಅದಕ್ಕೆ ಯಾವ ವೈದ್ಯರ ಬಳಿಯೂ ಮದ್ದಿಲ್ಲ. ಮರುದಿನವೇ ಆದೇಶ: ಯಂತ್ರಗಳನ್ನು ಮುಟ್ಟಕೂಡದು, ಟೋಕನ್ ಕಿಟಕಿಯಲ್ಲಿ ಕೂರಬೇಕು. ಒಂದು ಕಿವಿ ಸೋತವರನ್ನು, ಗಾಜಿನ ತೂತಿನಿಂದ ಬರುವ ಪಿಸುಮಾತನ್ನು ದಿನವಿಡೀ ಕೇಳಬೇಕಾದ ಜಾಗದಲ್ಲೇ ಕೂರಿಸಿದ ಬುದ್ಧಿಗೆ ಏನೆನ್ನಬೇಕು? ಎಡದಿಂದ ಕೇಳಿದವರಿಗೆ ಉತ್ತರ ಸಿಗದಾಗ “ಹೆಂಗಸಿಗೆ ಎಷ್ಟು ಕೊಬ್ಬು” ಎಂದು ಜನ ಗೊಣಗಿದರು. ನಾವು ಸಹೋದ್ಯೋಗಿಗಳು ಅಯ್ಯೋ ಪಾಪ ಎಂದೆವು, ಅಷ್ಟೇ. ಪಾಪ ಎನ್ನಲು ಏನು ಖರ್ಚು?

ಆದರೆ ಊಟದ ಬಿಡುವಿನಲ್ಲಿ ಕಿವಿಯಮ್ಮ ಕೇಳುಕೋಣೆಗೆ ಬರುತ್ತಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆದೇಶದಂತೆ ಏನನ್ನೂ ಮುಟ್ಟದೆ, ಒಮ್ಮೆ ಹೀಗೆ, ಒಮ್ಮೆ ಹಾಗೆ ಕುಳಿತು ಕೇಳುತ್ತಿದ್ದರು. “ಬಲಗಡೆ ಚೂರು ಸೀಳ್ತಾ ಇದೆ, ನೋಡು.” ಪಕ್ಕದ ಮೇಜಿನವನು ಬಿಚ್ಚಿ ನೋಡುತ್ತಿದ್ದ. ಹೇಳಿದ ಜಾಗದಲ್ಲಿ ಹೇಳಿದ ದೋಷವೇ ಇರುತ್ತಿತ್ತು. ಆ ಆಂಪ್ಲಿಫೈಯರು ಇಂದಿಗೂ ಎರಡೂ ಕಡೆ ಸಮವಾಗಿ ಹಾಡುತ್ತಿದೆ, ಅದನ್ನು ಅತಿಥಿಗಳಿಗೆ ಕೇಳಿಸಿ ನಿರ್ದೇಶಕರು ಬೆನ್ನು ತಟ್ಟಿಸಿಕೊಳ್ಳುತ್ತಿದ್ದಾರೆ. ಕಿವಿಯಮ್ಮನವರ ಮೇಜು ಮಾತ್ರ ಅವರಿಗೆ ಮರಳಿ ಸಿಗಲಿಲ್ಲ. ಈ ಸಂಪುಟದ ಚಿನ್ನದ ಅಕ್ಷರಗಳು ಅದನ್ನು ಕೊಡಲಾರವು.

ಸಮಾರಂಭಕ್ಕೆ ನಿಮಗೇನು ಬೇಕು ಎಂದು ಸಮಿತಿಯವರು ಕೇಳಿದಾಗ ಅವರು ಹಾರ ಬೇಡ, ಶಾಲು ಬೇಡ ಎಂದರಂತೆ. ನಿರ್ದೇಶಕರ ಕುರ್ಚಿ, ಮೈಕು, ಸ್ಪೀಕರು ಮೂರೂ ತಮ್ಮ ಎಡಕ್ಕಿರಲಿ, ಬಲಗಡೆ ಬೆಸುಗೆಯವನು ಕೂರಲಿ ಎಂದಷ್ಟೇ ಹೇಳಿದರಂತೆ. ಹಿರಿಯರ ವಿನಯವೆಂದು ಸಮಿತಿಯವರು ತಲೆದೂಗಿದ್ದಾರೆ.

ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಅವರ ಹೊಸ ಮೇಜು ಸಿದ್ಧವಾಗಿದೆ, ತಿರುಗುವ ಕುರ್ಚಿಯೂ ಬಂದಿದೆ. ಆ ಕುರ್ಚಿ ಸವೆಯುವಷ್ಟು ಕಾಲ ಅವರು ಬಾಳಲಿ. ಕೈ ನಡುಗದಿರಲಿ, ಸಿಟ್ಟು ಎಳ್ಳಷ್ಟೂ ಆರದಿರಲಿ. ವೇದಿಕೆ ಹತ್ತಿ ಅವರನ್ನು ಮನಸಾರೆ ಹರಸುವವರು ದಯವಿಟ್ಟು ಬಲಗಡೆಯಿಂದ ಬನ್ನಿ. ಎಡಗಡೆ ನಿರ್ದೇಶಕರು ಮಾತಾಡುತ್ತಿರುತ್ತಾರೆ.